ಬೆಂಡು ಅಲುಗುವ ಹೊತ್ತು

ಪುಷ್ಯದ ನಸುಕು. ಹೋಟಗಿ ಕೆರೆಯ ಮೈಮೇಲೆ ಹಬೆ ಹರಡಿದೆ. ಎದುರು ದಂಡೆ ಕಾಣದು, ಬಯಲು ಕಾಣದು, ಫತಾಟೇವಾಡಿಯ ವಿದ್ಯುತ್ ಸ್ಥಾವರದ ಚಿಮಣಿಗಳೂ ಕಾಣವು. ದೂರದ ಜಂಕ್ಷನ್ನಿನಿಂದ ರೈಲಿನ ಕೂಗು ಮಾತ್ರ ಕೇಳುತ್ತದೆ. ಸೊಲ್ಲಾಪುರದ ಕಡೆಯಿಂದ ಬಂದ ಹಳಿ ವಿಜಯಪುರ, ಗದಗಕ್ಕೆ ಕವಲೊಡೆಯುವುದು ಅಲ್ಲೇ. 1884ರಲ್ಲಿ ಮೀಟರ್ ಗೇಜಾಗಿ ತೆರೆದ ಆ ಹಾದಿ ಈಗ ಬ್ರಾಡ್ ಗೇಜ್. ಕನ್ನಡ ಸೀಮೆಯ ಬೀಗರನ್ನು ಕರೆತರುವ ಕೆಲಸ ಮಾತ್ರ ಅಂದಿನದೇ.

ಗೆಳೆಯ ಕಂಬಳಿ ಹೊದ್ದು ನನಗಿಂತ ಮೊದಲೇ ಬಂದು ಕುಂತಿದ್ದಾನೆ. ಕೆರೆಯ ಮಗ್ಗುಲಿಗೇ ಅವನ ಹೊಲ; ಮಾಲದಂಡಿ ಜೋಳ ಹಾಲುಗಾಳಾಗಿ ನಿಂತಿದೆ. ಒಣ ದಂಟೊಂದರ ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ಕಿರುಬೆರಳಿನಷ್ಟು ಕತ್ತರಿಸಿ, ತಂಗೂಸಿಗೆ ಪೋಣಿಸುತ್ತಾನೆ. ಕೆಳಗೊಂದು ಸೀಸದ ಗುಂಡು, ಅದರ ಕೆಳಗೆ ಗಾಳ. ಮಳೆಗಾಲದಲ್ಲಾದರೆ ದಪ್ಪ ಬೆಂಡು ಕಟ್ಟುವವನು ಈಗ ಇಷ್ಟು ಸಣ್ಣದನ್ನು ಕಟ್ಟುತ್ತಾನೆ.

“ಥಂಡ್ಯಾಗ ಮೀನಿಗೆ ಜಗ್ಗೋ ತಾಕತ್ತ ಇರಂಗಿಲ್ಲ. ಬೆಂಡ ದಪ್ಪಿದ್ರ ಅದರ ಮಾತು ನಮಗ ಕೇಳಂಗಿಲ್ಲ,” ಅನ್ನುತ್ತಾನೆ.

ಅವನ ಮಾತಿನಲ್ಲಿ ಜೀವಶಾಸ್ತ್ರವೇ ಇದೆ. ಮೀನಿನ ಮೈಗೆ ಸ್ವಂತ ಕಾವಿಲ್ಲ. ನೀರಿನ ಕಾವೇ ಅದರ ಕಾವು. ನೀರು ತಣಿದಂತೆ ಜೀರ್ಣಶಕ್ತಿ ಕುಗ್ಗುತ್ತದೆ, ಹಸಿವು ಮಲಗುತ್ತದೆ. ಕಾಶ್ಮೀರ, ನೀಲಗಿರಿಯ ಹೊಳೆಗಳಿಗೆ ಬ್ರಿಟಿಷರ ಕಾಲದಲ್ಲಿ ಬಂದ ಟ್ರೌಟ್ ಮೀನಿಗೆ ತಣ್ಣೀರೇ ತವರು. ಆದರೆ ನಮ್ಮ ಎರೆನೆಲದ ಕೆರೆಯ ರೋಹು, ಕಟ್ಲಾ, 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ, ಇವೆಲ್ಲ ಬಿಸಿಲಿನ ಮಕ್ಕಳು. ಬಿಸಿಲು ಬರುವ ತನಕ ಕಾಯದೆ ಬೇರೆ ದಾರಿಯಿಲ್ಲ.

ಕಾಯುತ್ತೇವೆ. ಹಬೆ ತೆಳುವಾದಂತೆ ಕೆರೆ ತುಂಡು ತುಂಡಾಗಿ ಮರಳಿ ಸಿಗುತ್ತದೆ. ಮೊದಲು ಒಂದು ಜಾಲಿಗಿಡ, ಆಮೇಲೆ ಥರ್ಮಾಕೋಲಿನ ತೆಪ್ಪದ ಮೇಲೆ ಬಲೆ ಎತ್ತುವ ಮನುಷ್ಯ. ಆಚೆಯ ಕೆಸರಿನಲ್ಲಿ ಬಿಳಿ-ಗುಲಾಬಿಯ ಸಾಲು: ರಾಜಹಂಸಗಳು. ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸಿ, ಕೆಸರು ಸೋಸಿ ತಿನ್ನುತ್ತಿವೆ. ಹಿಮಾಲಯ ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು ದಂಡೆಯ ಹುಲ್ಲಲ್ಲಿ ಮೇಯುತ್ತಿವೆ. ಕೊನೆಗೆ ಚಿಮಣಿಗಳು. ಇಷ್ಟು ದೂರದ ಹಕ್ಕಿಯೂ ಇಷ್ಟು ಹತ್ತಿರದ ಹೊಗೆಯೂ ಒಂದೇ ನೀರಿನಲ್ಲಿ ನೆರಳಾಗಿ ಬಿದ್ದಿವೆ.

ಹತ್ತು ಗಂಟೆಗೆ ಗೆಳೆಯ ಜಾಗ ಬದಲಿಸುತ್ತಾನೆ. ಆಳ ಬಿಟ್ಟು ಮೊಣಕಾಲುದ್ದದ ನೀರಿಗೆ ಬರುತ್ತಾನೆ; ತೆಳುನೀರು ಬೇಗ ಕಾಯುತ್ತದೆ. ಎರೆಹುಳದ ಬದಲು ಕಡಲೆಗಾತ್ರದ ಕಣಕದ ಉಂಡೆ. ಮಾತು ನಿಲ್ಲುತ್ತದೆ. ಸೊಲ್ಲಾಪುರದ ಪೇಟೆಯಲ್ಲಿ ಮರಾಠಿಯಲ್ಲಿ ಗಟ್ಟಿಯಾಗಿ ಚೌಕಾಸಿ ಮಾಡುವ, ಮನೆಯಲ್ಲಿ ಕನ್ನಡದಲ್ಲಿ ಮಕ್ಕಳನ್ನು ರಮಿಸುವ ಈ ಮನುಷ್ಯ ನೀರಿನ ಮುಂದೆ ಎರಡೂ ನುಡಿಗಳನ್ನು ಮಡಚಿಟ್ಟು ಕೂರುತ್ತಾನೆ. ವರ್ಷಗಳಿಂದ ನನಗೆ ಅವನ ಪಾಠವೆಲ್ಲ ಕೈಯಿಂದಲೇ: ಬೆಂಡು ಅಲುಗಿದಾಗ ನನ್ನ ಮೊಣಕಾಲು ತಟ್ಟುತ್ತಾನೆ. ನಾನು ನೋಡುವಷ್ಟರಲ್ಲಿ ನೀರು ಸುಮ್ಮನಾಗಿರುತ್ತದೆ.

ಬೆಂಡು ಒಮ್ಮೆ ನಡುಗಿತು. ನನ್ನ ಕೈ ಕೋಲಿಗೆ ಹೋಯಿತು.

“ತಡಿ. ತಿನ್ನಲಾಕತ್ತಿಲ್ಲ, ಮೂಸಲಾಕತ್ತದ.”

ಜೋಳದ ಗರಿ ಸವರುವ ಸದ್ದು. ಅವನ ಹೆಂಡತಿ ಬುತ್ತಿ ತಂದಿಟ್ಟು ಹೋದಳು: ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಡದಲ್ಲಿ ಸುಟ್ಟು ಉಜ್ಜಿದ ಎಳೆಜೋಳದ ಬೆಚ್ಚನೆಯ ಸೀತನಿ. ನಾವು ಕೈ ಹಾಕಲಿಲ್ಲ. ಬಿಸಿಲು ಬೆನ್ನಿಗೆ ಇಳಿಯುತ್ತಿತ್ತು. ಬೆಂಡು ಮುಳುಗಲಿಲ್ಲ, ಓಡಲೂ ಇಲ್ಲ. ನಿಂತಲ್ಲೇ ಒಂದು ಎಳ್ಳುಕಾಳಿನಷ್ಟು ಪಕ್ಕಕ್ಕೆ ಸರಿಯಿತು, ಗಾಳಿಗೆ ಎದುರಾಗಿ. ಗಾಳಿಯಲ್ಲ ಅದು, ಬಾಯಿ. ಕೋಲೆತ್ತಿದೆ.

ಬಿದಿರು ಬಾಗಿತು. ಅಂಗೈಯಗಲದ ತಿಲಾಪಿಯಾ ಬಿಸಿಲಲ್ಲಿ ಬೂದುಬೆಳ್ಳಿಯಾಗಿ ಹೊರಳಿತು. ಮುಟ್ಟಿದರೆ ಮೈ ಕೆರೆಯಷ್ಟೇ ತಣ್ಣಗೆ.

ಆಗ ಗೊತ್ತಾಯಿತು, ಈ ಸಲ ಯಾರೂ ನನ್ನ ಮೊಣಕಾಲು ತಟ್ಟಿರಲಿಲ್ಲ. ತಿರುಗಿ ನೋಡಿದೆ. ಗೆಳೆಯನ ಎರಡೂ ಕೈ ಕಂಬಳಿಯೊಳಗೇ ಇದ್ದವು. ಅವನು ನನ್ನತ್ತ ನೋಡದೆ ಒಂದು ಹಿಡಿ ಸೀತನಿ ತೆಗೆದು ನನ್ನ ಅಂಗೈಗೆ ಸುರಿದ.