ಪಾಪನಿವೇದನೆಯ ಮುದ್ರೆ ಮತ್ತು ಅಮೆರಿಕದ ನ್ಯಾಯಾಲಯಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ವಾಷಿಂಗ್ಟನ್ ರಾಜ್ಯದ ರಾಜ್ಯಪಾಲರೂ ಸ್ವತಃ ಕಥೋಲಿಕರೂ ಆದ ಬಾಬ್ ಫರ್ಗ್ಯುಸನ್ ಅವರು 2025ರ ಮೇ 2ರಂದು ಹೊಸ ಕಾಯಿದೆಯೊಂದಕ್ಕೆ ಸಹಿ ಹಾಕಿದರು. ಮಕ್ಕಳ ಮೇಲಿನ ದೌರ್ಜನ್ಯದ ಮಾಹಿತಿ ಪಡೆದ ಧರ್ಮಸೇವಕರು 48 ಗಂಟೆಗಳೊಳಗೆ ಅಧಿಕಾರಿಗಳಿಗೆ ವರದಿ ಮಾಡಬೇಕೆಂದು ಅದು ವಿಧಿಸಿತು. ಪಾಪನಿವೇದನೆಯಲ್ಲಿ ಕೇಳಿದ್ದಕ್ಕೂ ಅದರಲ್ಲಿ ವಿನಾಯಿತಿ ಇರಲಿಲ್ಲ. ತಪ್ಪಿದವರಿಗೆ 364 ದಿನಗಳವರೆಗಿನ ಸೆರೆವಾಸ ಹಾಗೂ 5,000 ಡಾಲರ್‌ವರೆಗಿನ ದಂಡದ ಭೀತಿಯಿತ್ತು. ಸಿಯಾಟಲ್‌ನ ಮಹಾಧರ್ಮಾಧ್ಯಕ್ಷ ಪೌಲ್ ಎಟಿಯೆನ್ ಅವರೂ ಸ್ಪೋಕೇನ್ ಹಾಗೂ ಯಾಕಿಮಾದ ಧರ್ಮಾಧ್ಯಕ್ಷರೂ ಗುರುಗಳೊಡಗೂಡಿ ನ್ಯಾಯಾಲಯದ ಮೊರೆಹೋದರು. ಈ ವ್ಯಾಜ್ಯವನ್ನು ಧರ್ಮಸಭೆಯ ಗೆಲುವೆಂದು ಸಂಭ್ರಮಿಸುವ ಮುನ್ನ, ನ್ಯಾಯಾಲಯವು ನಿಜವಾಗಿ ಏನನ್ನು ರಕ್ಷಿಸಿತು, ಯಾವ ಆಧಾರದ ಮೇಲೆ ರಕ್ಷಿಸಿತು ಎಂಬುದನ್ನು ನಾವು ಅರಿಯಬೇಕಾಗಿದೆ.

ಮೊದಲಿಗೆ ಧರ್ಮಸಭೆಯ ನಿಲುವನ್ನು ನೆನೆಯೋಣ. 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆಯು ತನ್ನ 21ನೆಯ ವಿಧಿಯಲ್ಲಿಯೇ ಮುದ್ರೆಯನ್ನು ಮುರಿಯುವ ಗುರುವಿಗೆ ಕಠಿಣ ಶಿಕ್ಷೆಯನ್ನು ಗೊತ್ತುಪಡಿಸಿತ್ತು. ಇಂದಿನ ಧರ್ಮಸಭಾ ಸಂಹಿತೆಯ 983ನೆಯ ವಿಧಿಯ ಪ್ರಕಾರ ಈ ಮುದ್ರೆಯು ಅನುಲ್ಲಂಘನೀಯ. ಅದನ್ನು ನೇರವಾಗಿ ಮುರಿಯುವ ಗುರುವು, 2021ರಲ್ಲಿ ಪರಿಷ್ಕೃತವಾದ 1386ನೆಯ ವಿಧಿಯಂತೆ, ಪ್ರೇಷಿತ ಪೀಠಕ್ಕೆ ಮೀಸಲಾದ ಬಹಿಷ್ಕಾರಕ್ಕೆ ತಂತಾನೇ ಗುರಿಯಾಗುತ್ತಾನೆ. 1550ನೆಯ ವಿಧಿಯು ಇನ್ನೂ ಮುಂದೆ ಹೋಗುತ್ತದೆ: ಪಾಪನಿವೇದಕನೇ ಕೋರಿದರೂ ಗುರುವು ಆ ವಿಷಯದಲ್ಲಿ ಸಾಕ್ಷಿಯಾಗಲು ಅರ್ಹನಲ್ಲ. ಪಾಪನಿವೇದನೆಯಲ್ಲಿ ಗುರುವು ಕೇಳುವುದು ತನ್ನ ಸ್ವಂತ ಅಧಿಕಾರದಿಂದಲ್ಲ, ಕ್ರಿಸ್ತನ ಹೆಸರಿನಲ್ಲಿ. ಆದುದರಿಂದ ಕೇಳಿದ್ದನ್ನು ವಿಲೇವಾರಿ ಮಾಡುವ ಹಕ್ಕು ಅವನಿಗಿಲ್ಲ.

ಅಮೆರಿಕದ ನ್ಯಾಯಾಲಯಗಳಿಗೆ ಈ ಪ್ರಶ್ನೆ ಹೊಸದಲ್ಲ. 1813ರಲ್ಲಿ ನ್ಯೂಯಾರ್ಕಿನಲ್ಲಿ ಯೇಸುಸಭೆಯ ಗುರು ಆಂತೋನಿ ಕೋಲ್ಮನ್ ಅವರು ಕಳವಾದ ವಸ್ತುಗಳನ್ನು ಅವುಗಳ ಒಡೆಯನಿಗೆ ಹಿಂದಿರುಗಿಸಿದರು. ಅವು ಯಾರಿಂದ ಬಂದವು ಎಂದು ನ್ಯಾಯಾಲಯ ಪ್ರಶ್ನಿಸಿದಾಗ ಉತ್ತರಿಸಲು ನಿರಾಕರಿಸಿದರು. ಪೀಠದ ಅಧ್ಯಕ್ಷತೆ ವಹಿಸಿದ್ದ ನಗರದ ಮೇಯರ್ ಡಿವಿಟ್ ಕ್ಲಿಂಟನ್ ಪ್ರೊಟೆಸ್ಟಂಟರು. ಮುದ್ರೆಯ ಪರವಾಗಿ ವಾದಿಸಿದ ವಿಲಿಯಂ ಸ್ಯಾಂಪ್ಸನ್ ಕೂಡ ಪ್ರೊಟೆಸ್ಟಂಟರೇ. ಆದರೂ ನ್ಯಾಯಾಲಯವು ಗುರುವನ್ನು ಸಾಕ್ಷಿ ನುಡಿಯುವಂತೆ ಬಲವಂತಪಡಿಸಲಿಲ್ಲ. ಸಂಸ್ಕಾರವನ್ನು ಸಹಿಸುತ್ತಲೇ ಅದರ ಗೌಪ್ಯವನ್ನು ಕಿತ್ತುಕೊಂಡರೆ ಸಂಸ್ಕಾರವೇ ಇಲ್ಲವಾಗುತ್ತದೆ ಎಂಬುದು ಆ ತೀರ್ಪಿನ ತಿರುಳು. 1828ರಲ್ಲಿ ನ್ಯೂಯಾರ್ಕ್ ಈ ರಕ್ಷಣೆಯನ್ನು ಶಾಸನವಾಗಿಸಿತು; ಕಾಲಕ್ರಮೇಣ ಇತರ ರಾಜ್ಯಗಳೂ ಅದೇ ಹಾದಿ ಹಿಡಿದವು.

1990ರಲ್ಲಿ ಚಿತ್ರ ಬದಲಾಯಿತು. ಒರೆಗಾನ್ ರಾಜ್ಯದಲ್ಲಿ ಮೂಲನಿವಾಸಿಗಳ ಧಾರ್ಮಿಕ ವಿಧಿಯೊಂದರಲ್ಲಿ ಪೆಯೋಟೆ ಎಂಬ ಮಾದಕ ಸಸ್ಯವನ್ನು ಸೇವಿಸಿ ಕೆಲಸ ಕಳೆದುಕೊಂಡ ಇಬ್ಬರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೊಸ ಸೂತ್ರವನ್ನು ಮಂಡಿಸಿತು. ಕಾನೂನು ತಟಸ್ಥವಾಗಿದ್ದು ಎಲ್ಲರಿಗೂ ಸಮಾನವಾಗಿ ಅನ್ವಯಿಸುವುದಾದರೆ, ಅದು ಧಾರ್ಮಿಕ ಆಚರಣೆಗೆ ಅಡ್ಡಿಯಾದರೂ ಸಂವಿಧಾನದ ಮೊದಲನೆಯ ತಿದ್ದುಪಡಿಗೆ ವಿರುದ್ಧವಾಗುವುದಿಲ್ಲ ಎಂಬುದೇ ಆ ಸೂತ್ರ. ಬಹುಮತದ ತೀರ್ಪನ್ನು ಬರೆದವರು ಕಥೋಲಿಕರಾದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯ. 1993ರಲ್ಲಿ ಸಂಸತ್ತು ವಿಶೇಷ ಕಾಯಿದೆಯ ಮೂಲಕ ಹಳೆಯ ರಕ್ಷಣೆಯನ್ನು ಮರಳಿ ತರಲು ಯತ್ನಿಸಿತಾದರೂ, ಅದು ರಾಜ್ಯಗಳನ್ನು ಬಂಧಿಸದೆಂದು ನ್ಯಾಯಾಲಯವು 1997ರಲ್ಲಿ ತೀರ್ಮಾನಿಸಿತು. ಆದರೆ ಸೂತ್ರಕ್ಕೆ ಇನ್ನೊಂದು ಮುಖವೂ ಇದೆ. ಕಾನೂನು ಲೌಕಿಕ ಕಾರಣಗಳಿಗೆ ವಿನಾಯಿತಿ ನೀಡಿ, ಹೋಲಿಸಬಹುದಾದ ಧಾರ್ಮಿಕ ಆಚರಣೆಗೆ ನಿರಾಕರಿಸಿದರೆ, ಸರ್ಕಾರವು ಅತ್ಯಂತ ಕಠಿಣ ಪರೀಕ್ಷೆಯನ್ನು ಎದುರಿಸಬೇಕಾಗುತ್ತದೆ. 2021ರ ತೀರ್ಪುಗಳು ಈ ಮುಖವನ್ನು ಮತ್ತಷ್ಟು ಸ್ಪಷ್ಟಪಡಿಸಿವೆ.

ವಾಷಿಂಗ್ಟನ್ ಕಾಯಿದೆ ಎಡವಿದ್ದು ಇಲ್ಲಿಯೇ. ವಕೀಲ ಮತ್ತು ಕಕ್ಷಿದಾರರ ನಡುವಿನ ಮಾತುಕತೆಯಂತಹ ಕಾನೂನುಬದ್ಧ ಗೌಪ್ಯ ಸಂವಾದದಿಂದ ಮಾತ್ರವೇ ವಿಷಯ ತಿಳಿದವರು ವರದಿ ಮಾಡಬೇಕಾಗಿಲ್ಲ ಎಂದು ಅದು ಒಪ್ಪಿಕೊಂಡಿತ್ತು. ಧರ್ಮಸೇವಕರನ್ನು ಮಾತ್ರ ಹೆಸರಿಸಿ ಆ ವಿನಾಯಿತಿಯಿಂದ ಹೊರಗಿಟ್ಟಿತ್ತು. ಕಾಯಿದೆ ಜುಲೈ 27ರಂದು ಜಾರಿಗೆ ಬರಬೇಕಿತ್ತು. ಜುಲೈ 18ರಂದು ಫೆಡರಲ್ ನ್ಯಾಯಾಧೀಶ ಡೇವಿಡ್ ಎಸ್ಟುಡಿಲೊ ಅವರು ಪಾಪನಿವೇದನೆಗೆ ಸಂಬಂಧಿಸಿದಷ್ಟು ಭಾಗಕ್ಕೆ ತಾತ್ಕಾಲಿಕ ತಡೆ ನೀಡಿದರು. ಅಕ್ಟೋಬರಿನಲ್ಲಿ ರಾಜ್ಯವೂ ಆ ಭಾಗವನ್ನು ಜಾರಿಗೊಳಿಸುವುದಿಲ್ಲವೆಂದು ಒಪ್ಪಿತು. ಪಾಪನಿವೇದನೆಯ ಹೊರಗೆ ತಿಳಿದುಬಂದುದನ್ನು ವರದಿ ಮಾಡುವ ಕರ್ತವ್ಯ ಮಾತ್ರ ಧರ್ಮಸೇವಕರ ಮೇಲೆ ಹಾಗೆಯೇ ಉಳಿಯಿತು. ಅದನ್ನು ಧರ್ಮಾಧ್ಯಕ್ಷರು ವಿರೋಧಿಸಿಯೂ ಇರಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಂಸ್ಕಾರವು ಪವಿತ್ರವಾದುದರಿಂದ ನ್ಯಾಯಾಲಯವು ಅದನ್ನು ರಕ್ಷಿಸಲಿಲ್ಲ. ವಕೀಲನಿಗಿರುವ ವಿನಾಯಿತಿ ಗುರುವಿಗೆ ಇಲ್ಲದಿದ್ದುದರಿಂದ ರಕ್ಷಿಸಿತು. ನಾಳೆ ಶಾಸಕಾಂಗವೊಂದು ಎಲ್ಲ ವಿನಾಯಿತಿಗಳನ್ನೂ ಸಮಾನವಾಗಿ ಅಳಿಸಿಹಾಕಿದರೆ, 1990ರ ಸೂತ್ರದಡಿ ಈ ಆಸರೆ ಕುಸಿಯಬಹುದು. ಮುದ್ರೆಯನ್ನು ನಾವು ಕಾಯುವುದು ಸಮಾನತೆಯ ವಾದದಿಂದಲ್ಲ. ನ್ಯಾಯಾಲಯ ಸೋತರೂ ಗೆದ್ದರೂ ಗುರುವಿನ ಕರ್ತವ್ಯ ಬದಲಾಗದು.

ಹಾಗೆಂದು ಆ ಕಾಯಿದೆಯನ್ನು ಬೇಡಿದವರನ್ನೆಲ್ಲ ಧರ್ಮವಿರೋಧಿಗಳೆಂದು ಬಗೆಯುವುದು ಅನ್ಯಾಯ. ಅಮೆರಿಕದಲ್ಲಿ ದಶಕಗಳ ಕಾಲ ಮಕ್ಕಳ ಮೇಲಿನ ದೌರ್ಜನ್ಯವನ್ನು ಮುಚ್ಚಿಟ್ಟ ಧರ್ಮಾಧಿಕಾರಿಗಳು ಬಹುತೇಕ ಮುಚ್ಚಿಟ್ಟದ್ದು ಪಾಪನಿವೇದನೆಯಲ್ಲಿ ಕೇಳಿದ್ದನ್ನಲ್ಲ. ಕಡತಗಳಲ್ಲಿ, ಪತ್ರಗಳಲ್ಲಿ, ವರ್ಗಾವಣೆಯ ಆದೇಶಗಳಲ್ಲಿ ಇದ್ದುದನ್ನು. 2018ರ ಪೆನ್ಸಿಲ್ವೇನಿಯ ಮಹಾತೀರ್ಪುಗಾರರ ವರದಿಯು ಧರ್ಮಪ್ರಾಂತ್ಯಗಳ ಕಡತಗಳಿಂದಲೇ ಹೊರಬಂದಿತು. ಆಡಳಿತದ ಮೌನಕ್ಕೆ ಸಂಸ್ಕಾರದ ಮೌನದ ಗೌರವವನ್ನು ತೊಡಿಸಿದಾಗ, ಸಂತ್ರಸ್ತರು ಎರಡನ್ನೂ ಒಂದೇ ಎಂದು ಭಾವಿಸಿದರೆ ದೋಷ ಅವರದಲ್ಲ.

ಆದುದರಿಂದ ಮುದ್ರೆಯ ಎಲ್ಲೆಯನ್ನು ಗುರು ಅಭ್ಯರ್ಥಿಗಳು ನಿಖರವಾಗಿ ಅರಿತಿರಬೇಕು. ಪ್ರೇಷಿತ ಪಾಪವಿಮೋಚನಾ ನ್ಯಾಯಪೀಠವು 2019ರ ಜೂನ್ 29ರ ಟಿಪ್ಪಣಿಯಲ್ಲಿ ಮೂರು ಸಂಗತಿಗಳನ್ನು ತಿಳಿಸಿದೆ. ಒಂದು, ಅಪರಾಧಿಯು ಪೊಲೀಸರಿಗೆ ಶರಣಾಗಬೇಕೆಂಬುದನ್ನು ಪಾಪವಿಮೋಚನೆಯ ಷರತ್ತಾಗಿಸುವಂತಿಲ್ಲ. ಎರಡು, ಪ್ರಾಮಾಣಿಕ ಪಶ್ಚಾತ್ತಾಪ ಮತ್ತು ತಿದ್ದಿಕೊಳ್ಳುವ ದೃಢಸಂಕಲ್ಪ ಸಂಸ್ಕಾರಕ್ಕೆ ಅತ್ಯಗತ್ಯ. ಮಗುವಿಗೆ ಕೇಡೆಸಗುವುದನ್ನು ನಿಲ್ಲಿಸಲು ಸಿದ್ಧನಿಲ್ಲದವನಿಗೆ ಪಾಪವಿಮೋಚನೆ ಇಲ್ಲ. ಮೂರು, ಪರರ ಕೇಡಿಗೆ ಬಲಿಯಾದವರೇ ಪಾಪನಿವೇದನೆಗೆ ಬಂದರೆ, ಅವರ ಹಕ್ಕುಗಳನ್ನೂ ದೂರು ನೀಡುವ ಮಾರ್ಗಗಳನ್ನೂ ಗುರುವು ಅವರಿಗೆ ತಿಳಿಸಬೇಕು. ಇಷ್ಟಲ್ಲದೆ, ಅಪರಾಧಿಯು ತಾನಾಗಿಯೇ ಸತ್ಯವನ್ನು ಒಪ್ಪಿಕೊಳ್ಳುವಂತೆ ಮನವೊಲಿಸಲು, ಸಂಸ್ಕಾರದ ಹೊರಗೆ ಬಂದು ಮಾತನಾಡುವಂತೆ ಆಹ್ವಾನಿಸಲು ಗುರುವಿಗೆ ಯಾವ ಅಡ್ಡಿಯೂ ಇಲ್ಲ. ಆಪ್ತಸಲಹೆ, ಕಚೇರಿಯ ಭೇಟಿ, ದೂರವಾಣಿ ಕರೆ ಇವ್ಯಾವುವೂ ಸಂಸ್ಕಾರವಲ್ಲ. ಅವುಗಳಿಗೆ ಮುದ್ರೆಯ ರಕ್ಷಣೆಯೂ ಇಲ್ಲ.

ನಮ್ಮ ದೇಶದಲ್ಲಿ ಈ ಅರಿವು ಇನ್ನೂ ತುರ್ತಿನದು. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಂ ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ಬಲ್ಲ ಯಾವುದೇ ವ್ಯಕ್ತಿಯು ವರದಿ ಮಾಡಬೇಕೆನ್ನುತ್ತದೆ. 21ನೆಯ ಕಲಂ ತಪ್ಪಿದವರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಗುರುಗಳಿಗೆ ಅದರಲ್ಲಿ ಪ್ರತ್ಯೇಕ ವಿನಾಯಿತಿಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು ವಕೀಲರ ಗೌಪ್ಯವನ್ನು ಕಾಪಾಡುತ್ತದೆಯೇ ಹೊರತು ಪಾಪನಿವೇದನೆಯನ್ನು ಹೆಸರಿಸುವುದಿಲ್ಲ. ಕೋಲ್ಮನ್ ಅವರಿಗೆ ದೊರೆತ ಆಸರೆ ನಮಗೆ ದೊರೆಯುವುದೆಂದು ನಂಬಿ ಕೂರುವಂತಿಲ್ಲ.

ಪಾಪನಿವೇದನಾ ಪೀಠದ ಹೊರಗೆ ತಿಳಿದ ಪ್ರತಿಯೊಂದು ಅಪರಾಧವನ್ನೂ ತಡಮಾಡದೆ ವರದಿ ಮಾಡುವ ಗುರುವೇ, ಒಳಗೆ ಕೇಳಿದ್ದಕ್ಕಾಗಿ ಸೆರೆಮನೆಗೆ ಹೋಗಲು ಸಿದ್ಧನಾದಾಗ ಸಮಾಜದ ನಂಬಿಕೆಗೆ ಪಾತ್ರನಾಗುತ್ತಾನೆ. ಈ ಎರಡು ಕರ್ತವ್ಯಗಳನ್ನು ಬೇರ್ಪಡಿಸದೆ ಬೋಧಿಸುವುದು ನಮ್ಮ ಗುರುಮಠಗಳ ಹೊಣೆ.