ಮಕ್ಕಳ ಮನೋವ್ಯಾಧಿಯೂ ಸ್ಟೀರಾಯ್ಡ್ ಚಿಕಿತ್ಸೆಯ ಅವಧಿಯೂ

ನಿನ್ನೆಯವರೆಗೆ ನಕ್ಕು ನಲಿಯುತ್ತಿದ್ದ ಏಳೆಂಟು ವರ್ಷದ ಮಗುವು ಇಂದು ಬೆಳಗಾಗುವಷ್ಟರಲ್ಲಿ ಬೇರೆಯೇ ಮಗುವಾಗಿ ಏಳುವುದೆಂದರೆ ತಾಯ್ತಂದೆಗಳ ಪಾಡು ಏನಾಗಬೇಕು? ಎಷ್ಟು ಸಲ ಕೈ ತೊಳೆದರೂ ಅದಕ್ಕೆ ಸಮಾಧಾನವಿಲ್ಲ, ಅನ್ನದಲ್ಲಿ ವಿಷವಿದೆಯೆಂದು ತಟ್ಟೆಯನ್ನು ದೂರ ತಳ್ಳುವುದು, ತಾಯಿಯ ಸೆರಗನ್ನು ಕ್ಷಣಮಾತ್ರವೂ ಬಿಡದು, ರಾತ್ರಿ ನಿದ್ರೆಯಿಲ್ಲ, ಕಣ್ಣು, ಕೊರಳು, ಹೆಗಲುಗಳು ತಮ್ಮಷ್ಟಕ್ಕೆ ತಾವೇ ಸೆಳೆಯುವುವು, ದುಂಡಾಗಿದ್ದ ಅಕ್ಷರಗಳು ಕಾಗೆಕಾಲು ಗುಬ್ಬಿಕಾಲಾಗುವುವು. ಮನೆಯ ಹಿರಿಯರು ದೃಷ್ಟಿ ತಗುಲಿತೆನ್ನುವರು, ನೆರೆಯವರು ಗಾಳಿ ಸೋಕಿತೆನ್ನುವರು, ಉಪಾಧ್ಯಾಯರು ತುಂಟತನವೆನ್ನುವರು. ಆದರೆ ಕೆಲವು ಮಕ್ಕಳಲ್ಲಿ ಈ ಉತ್ಪಾತಕ್ಕೆಲ್ಲ ಮೂಲವು ಕೆಲವು ದಿನಗಳ ಹಿಂದೆ ಬಂದುಹೋದ ಗಂಟಲುಬೇನೆಯೇ ಆಗಿರಬಹುದೆಂದು ವೈದ್ಯಶಾಸ್ತ್ರವು ಹೇಳುತ್ತಿರುವುದು.

ಈ ವಿಚಾರವು ಸಂಪೂರ್ಣವಾಗಿ ಹೊಸತೆಂದು ವಾಚಕರು ಭಾವಿಸಬೇಕಾಗಿಲ್ಲ. ಮಕ್ಕಳ ಕೈಕಾಲುಗಳು ಅಂಕೆಯಿಲ್ಲದೆ ಕುಣಿಯುವ ಒಂದು ವ್ಯಾಧಿಯನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್‌ನು 1686ರಲ್ಲಿಯೇ ವರ್ಣಿಸಿದ್ದನು. ಇಂದಿಗೂ ಅದು ಅವನ ಹೆಸರಿನಿಂದಲೇ 'ಸಿಡೆನ್‌ಹ್ಯಾಮ್ ಕೊರಿಯ'ವೆಂದು ಪ್ರಸಿದ್ಧವಾಗಿದೆ. ಸ್ಟ್ರೆಪ್ಟೊಕಾಕಸ್ ಎಂಬ ಗಂಟಲಿನ ರೋಗಾಣುವಿನ ತರುವಾಯ ಬರುವ ಸಂಧಿವಾತ ಜ್ವರದ ಒಂದು ಮುಖವೇ ಅದೆಂಬುದು ಕಾಲಕ್ರಮದಲ್ಲಿ ಸ್ಥಿರಪಟ್ಟಿತು. ಆ ಮಕ್ಕಳಲ್ಲಿ ಅಂಗಚಲನೆ ಮಾತ್ರವಲ್ಲದೆ ಗೀಳು, ಅಳು, ಸಿಡುಕುಗಳೂ ಕಾಣುವುದನ್ನು ಗಮನಿಸಿ, ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸೂಸನ್ ಸ್ವೀಡೊ ಮತ್ತು ಅವರ ಸಂಗಡಿಗರು, ಕೊರಿಯವಿಲ್ಲದೆಯೇ ಗಂಟಲುಬೇನೆಯ ಬೆನ್ನಿಗೆ ಹಠಾತ್ತನೆ ಗೀಳುರೋಗಕ್ಕೆ ಈಡಾದ 50 ಮಕ್ಕಳ ವೃತ್ತಾಂತವನ್ನು 1998ರಲ್ಲಿ ಪ್ರಕಟಿಸಿದರು. ಅದಕ್ಕೆ 'ಪ್ಯಾಂಡಾಸ್' ಎಂದು ನಾಮಕರಣವಾಯಿತು. ಬೇರೆ ಕಾರಣಗಳಿಂದಲೂ ಇಂತಹ ಅವಸ್ಥೆಯು ಒದಗಬಹುದೆಂದು ಕಂಡ ಮೇಲೆ 2012ರಲ್ಲಿ 'ಪ್ಯಾನ್ಸ್' ಎಂಬ ಹೆಚ್ಚು ವಿಶಾಲವಾದ ಹೆಸರು ಬಂದಿತು.

ಇದರ ಬಗೆ ಹೇಗೆಂದರೆ: ರೋಗಾಣುವನ್ನು ಸದೆಬಡಿಯಲು ಹೊರಟ ದೇಹದ ರಕ್ಷಕ ಪಡೆಯು ಶತ್ರುವಿನ ರೂಪಕ್ಕೂ ಸ್ವಂತ ಮೆದುಳಿನ ಕೆಲವು ಕಣಗಳ ರೂಪಕ್ಕೂ ಇರುವ ಹೋಲಿಕೆಯಿಂದ ಮೋಸಹೋಗಿ, ತನ್ನ ಮನೆಯ ಮೇಲೆಯೇ ಕೈಮಾಡುವುದು. ಚಲನೆ, ಅಭ್ಯಾಸ, ಭಾವಗಳನ್ನು ಹದದಲ್ಲಿಡುವ ಮೆದುಳಿನ ಒಳಗಂಟುಗಳು ಊದಿಕೊಂಡು ಕೆರಳುವುವು. ಇದು ಬಹುಮಂದಿ ತಜ್ಞರ ಊಹೆ. ಸಂಪೂರ್ಣವಾಗಿ ಸಿದ್ಧವಾದ ತತ್ತ್ವವಲ್ಲ. ಗಂಟಲುನೋವು ಮಕ್ಕಳಲ್ಲಿ ಸರ್ವಸಾಮಾನ್ಯವಾಗಿರುವಾಗ ಎರಡೂ ಕಾಕತಾಳೀಯವಾಗಿ ಜೊತೆಗೂಡಿದುವೋ ಎಂದು ಸಂದೇಹಿಸುವ ವೈದ್ಯರೂ ಉಂಟು. ರೋಗವನ್ನು ನಿಸ್ಸಂದೇಹವಾಗಿ ತೋರಿಸಿಕೊಡುವ ಒಂದೇ ಒಂದು ರಕ್ತಪರೀಕ್ಷೆಯೂ ಇಲ್ಲ.

ಕೆರಳಿಕೆಯೇ ರೋಗದ ಕಾರಣವಾದರೆ ಅದನ್ನು ತಣಿಸುವ ಔಷಧವೇ ಮದ್ದಾಗಬೇಕಷ್ಟೆ. ಸ್ಟೀರಾಯ್ಡುಗಳು ಈ ಪ್ರಸಂಗದಲ್ಲಿ ಪ್ರವೇಶಿಸುವುದು ಹೀಗೆ. 1948ರಲ್ಲಿ ಅಮೆರಿಕದ ಮೇಯೊ ಆಸ್ಪತ್ರೆಯಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಕೀಲುವಾತದಿಂದ ನರಳುತ್ತಿದ್ದ ರೋಗಿಗೆ ಕಾರ್ಟಿಸೋನನ್ನು ಕೊಟ್ಟು, ಹಾಸಿಗೆ ಹಿಡಿದವರನ್ನು ಎಬ್ಬಿಸಿ ನಡೆಸಿದುದು ಲೋಕವನ್ನೇ ಬೆರಗುಗೊಳಿಸಿತು. 1950ರಲ್ಲಿ ಅವರಿಗೂ ಅವರ ಸಹಶೋಧಕರಿಗೂ ನೊಬೆಲ್ ಪಾರಿತೋಷಕವು ಲಭಿಸಿತು. ಆ ಬೆರಗಿನ ಹಿಂದೆಯೇ ಒಂದು ಪಾಠವೂ ಬಂದಿತು. ಔಷಧವನ್ನು ನಿಲ್ಲಿಸಿದೊಡನೆ ನೋವು ಮರಳಿತು. ದೀರ್ಘಕಾಲ ಕೊಟ್ಟರೆ ದೇಹವು ಬೇರೆ ರೀತಿಯಲ್ಲಿ ಬೆಲೆ ತೆರಬೇಕಾಯಿತು. ಮಕ್ಕಳ ಮನೋವ್ಯಾಧಿಯ ವಿಷಯದಲ್ಲಿಯೂ ಈ ಎರಡು ಮಾತುಗಳನ್ನು ಮರೆಯುವಂತಿಲ್ಲ.

ಹಾಗಾದರೆ ಈ ಚಿಕಿತ್ಸೆಯ ಗುಣವು ಎಷ್ಟು ಕಾಲ ನಿಲ್ಲುವುದು? ತಂದೆತಾಯಿಗಳು ವೈದ್ಯರನ್ನು ಕೇಳುವ ಮೊದಲನೆಯ ಪ್ರಶ್ನೆಯೇ ಇದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚಿಕಿತ್ಸಾಲಯದವರು ತಮ್ಮಲ್ಲಿಗೆ ಬಂದ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಬರೆಹದಲ್ಲಿ ಇದಕ್ಕೆ ಒಂದು ಉತ್ತರವಿದೆ. ಬಾಯಿಯ ಮೂಲಕ ಕೆಲವೇ ದಿನಗಳ ಮಟ್ಟಿಗೆ ಕೊಟ್ಟ ಸ್ಟೀರಾಯ್ಡಿನಿಂದ ಗುಣ ಕಂಡ ಮಕ್ಕಳಲ್ಲಿ ಸುಧಾರಣೆಯು ಸರಾಸರಿ ಮೂರು-ನಾಲ್ಕು ದಿನಗಳಲ್ಲಿ ಆರಂಭವಾಗಿ ಸುಮಾರು ಆರು ವಾರಗಳ ಕಾಲ ನಿಂತಿತು. ಔಷಧ ಪಡೆದ ಉಲ್ಬಣಾವಸ್ಥೆಯು ಸರಾಸರಿ ಆರು ವಾರಗಳ ಮೇಲೆ ಕೆಲವು ದಿನಗಳಲ್ಲಿ ಇಳಿದರೆ, ಪಡೆಯದಿದ್ದುದು ಹನ್ನೊಂದು ವಾರಗಳನ್ನು ಮೀರಿತು. ಬೇಗನೆ ಕೊಟ್ಟಷ್ಟೂ ಉಲ್ಬಣವು ಬೇಗನೆ ಶಮನವಾಯಿತು. ತುಸು ಹೆಚ್ಚು ದಿನ ಕೊಟ್ಟಲ್ಲಿ ಗುಣವು ತುಸು ಹೆಚ್ಚು ದಿನ ನಿಂತಿತು. ನಡುವೆ ಮತ್ತೊಂದು ಸೋಂಕು ತಗುಲಿದರೆ ಗಳಿಸಿದ ಗುಣವು ಬೇಗನೆ ಕರಗಿತು.

ಈ ಅಂಕಿಗಳನ್ನು ಓದಿ ಹಿಗ್ಗುವ ಮುನ್ನ ಒಂದು ಎಚ್ಚರಿಕೆಯ ಮಾತನ್ನು ಹೇಳುವುದು ನಮ್ಮ ಕರ್ತವ್ಯವಾಗಿದೆ. ಇದು ನಡೆದುದನ್ನು ನೋಡಿ ಬರೆದ ಲೆಕ್ಕವೇ ಹೊರತು, ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಬರಿಯ ತೋರಿಕೆಯ ಗುಳಿಗೆ ಕೊಟ್ಟು ಮಾಡಿದ ಪರೀಕ್ಷೆಯಲ್ಲ. ಏರಿಳಿಯುವುದೇ ಈ ರೋಗದ ಸ್ವಭಾವವಾದುದರಿಂದ ತಾನಾಗಿ ಇಳಿದುದು ಎಷ್ಟು, ಔಷಧದಿಂದ ಇಳಿದುದು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಇದೇ ರೋಗಕ್ಕೆ ರಕ್ತದ ಇಮ್ಯುನೊಗ್ಲಾಬ್ಯುಲಿನನ್ನು ಕೊಟ್ಟು ನೋಡಿದಾಗ 1999ರ ಪರೀಕ್ಷೆಯು ವಿಶೇಷ ಗುಣವನ್ನು ಕಂಡಿತು. 35 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿಯಾದರೋ ತೋರಿಕೆಯ ಔಷಧಕ್ಕೂ ಅದಕ್ಕೂ ಸ್ಪಷ್ಟವಾದ ಅಂತರವು ಕಾಣಲಿಲ್ಲ. ಒಂದು ಪರೀಕ್ಷೆಯ ಜಯವನ್ನು ಮತ್ತೊಂದು ಅಲುಗಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆದರೂ ಒಂದು ಗಟ್ಟಿ ನೆಲವುಂಟು. ಹಿಂದೆ ಹೇಳಿದ ಸಿಡೆನ್‌ಹ್ಯಾಮ್ ಕೊರಿಯದ ವಿಷಯದಲ್ಲಿ ಬ್ರೆಜಿಲ್ ದೇಶದ ವೈದ್ಯರು 37 ಮಕ್ಕಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಯಾರಿಗೆ ಏನು ಸಂದಿತೆಂದು ಕೊಡುವವರಿಗೂ ಕೊಳ್ಳುವವರಿಗೂ ತಿಳಿಯದಂತೆ ಪರೀಕ್ಷಿಸಿ 2006ರಲ್ಲಿ ಫಲವನ್ನು ಪ್ರಕಟಿಸಿದರು. ನಾಲ್ಕು ವಾರ ಪ್ರೆಡ್ನಿಸೋನ್ ಪಡೆದು ಅನಂತರ ಮೆಲ್ಲಮೆಲ್ಲನೆ ಬಿಟ್ಟ ಮಕ್ಕಳು ಸರಾಸರಿ 54 ದಿನಗಳಲ್ಲಿ ಗುಣ ಹೊಂದಿದರು. ಉಳಿದವರಿಗೆ ಸುಮಾರು 120 ದಿನಗಳು ಹಿಡಿದುವು. ಆದರೆ ರೋಗವು ಮತ್ತೆ ಮರುಕಳಿಸುವುದರಲ್ಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂತಹ ಭೇದವಿರಲಿಲ್ಲ. ಸ್ಟೀರಾಯ್ಡಿನ ಶಕ್ತಿಯೂ ಮಿತಿಯೂ ಈ ಒಂದು ಸಂಗತಿಯಲ್ಲಿ ಅಡಗಿವೆಯೆಂದು ನಮಗೆ ತೋರುವುದು. ಅದು ಸಂಕಟದ ಕಾಲವನ್ನು ಮೊಟಕುಗೊಳಿಸುವುದು; ಸಂಕಟವು ಮರಳಿ ಬಾರದಂತೆ ಬಾಗಿಲನ್ನು ಮುಚ್ಚದು. ಹತ್ತಿದ ಬೆಂಕಿಗೆ ಅದು ನೀರು. ಕಿಡಿ ಹಾರಿಸುವ ಒಲೆಯು ಹಾಗೆಯೇ ಉಳಿಯುವುದು. ಸಂಧಿವಾತ ಜ್ವರ ಬಂದ ಮಕ್ಕಳಲ್ಲಿ ಆ ಒಲೆಯನ್ನು ಆರಿಸುವ ಕೆಲಸವು ಮೂರು-ನಾಲ್ಕು ವಾರಗಳಿಗೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದಿನದು.

ಇನ್ನು ಅಪಾಯಗಳು. ಐದಾರು ದಿನಗಳ ಚಿಕಿತ್ಸೆಯಲ್ಲಿಯೇ ಕೆಲವು ಮಕ್ಕಳು ನಿದ್ರೆಗೆಟ್ಟು ಹೆಚ್ಚು ಸಿಡುಕುವರು. ಮೊದಲೇ ಕದಡಿದ ಮನಸ್ಸು ಮತ್ತಷ್ಟು ಕದಡಬಹುದು. ವಾರಗಟ್ಟಲೆ ಮುಂದುವರಿದರೆ ಮೈ ಊದುವುದು, ರಕ್ತದೊತ್ತಡವೇರುವುದು, ಎಲುಬುಗಳು ಸೊರಗುವುವು, ಬೆಳವಣಿಗೆ ಕುಂಠಿತವಾಗುವುದು, ಸೋಂಕುಗಳನ್ನು ತಡೆಯುವ ಬಲವು ಕುಗ್ಗುವುದು. ಬಹುಕಾಲ ಸೇವಿಸಿದ ಔಷಧವನ್ನು ಒಮ್ಮೆಗೇ ನಿಲ್ಲಿಸಿದರೆ, ದೇಹವು ತಾನೇ ತಯಾರಿಸಬೇಕಾದ ಅಂತಹ ರಸವು ಸಾಲದೆ ಪ್ರಾಣಕ್ಕೇ ಸಂಚಕಾರ ಬರಬಹುದು. ಗುಣವು ಆರು ವಾರಗಳಲ್ಲಿ ಕರಗಿತೆಂದು ತಂದೆತಾಯಿಗಳು ತಾವಾಗಿಯೇ ಹಳೆಯ ಚೀಟಿಯನ್ನು ಹಿಡಿದು ಔಷಧದಂಗಡಿಗೆ ಹೋಗುವುದು ಎಷ್ಟು ಭಯಂಕರವೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವೈದ್ಯರ ಚೀಟಿಯಿಲ್ಲದೆಯೂ ಈ ಗುಳಿಗೆಗಳು ಕೈಗೆ ಸಿಕ್ಕುವ ನಮ್ಮ ದೇಶದಲ್ಲಿ ಈ ಮಾತನ್ನು ಒತ್ತಿ ಹೇಳಲೇಬೇಕು.

ನಮಗೂ ಈ ವಿಷಯಕ್ಕೂ ಸಂಬಂಧವೇನೆಂದು ಯಾರಾದರೂ ಕೇಳಬಹುದು. ಶ್ರೀಮಂತ ದೇಶಗಳಲ್ಲಿ ಅಪರೂಪವಾಗಿಹೋದ ಸಂಧಿವಾತ ಜ್ವರವು ಭಾರತದಲ್ಲಿ ಇನ್ನೂ ಅಳಿದಿಲ್ಲ. ಕಿರಿದಾದ ಮನೆಗಳಲ್ಲಿ ಒತ್ತಾಗಿ ಬಾಳುವ ಬಡವರ ಮಕ್ಕಳ ಎದೆಯನ್ನು ಅದು ಇನ್ನೂ ಹಾಳುಗೆಡವುತ್ತಿದೆ. ಆ ಮಕ್ಕಳಲ್ಲಿ ಒಬ್ಬನು ಕೈ ನಡುಗಿಸಿ ಲೋಟವನ್ನು ಬೀಳಿಸಿದಾಗ ಏಟು ಬೀಳುವುದೇ ಹೆಚ್ಚು, ವೈದ್ಯರ ದರ್ಶನವಾಗುವುದು ಕಡಿಮೆ. ದೊಡ್ಡ ಚಿಕಿತ್ಸೆಗಳ ಮಾತು ಹಾಗಿರಲಿ, ಗಂಟಲುಬೇನೆಯನ್ನು ಸಕಾಲದಲ್ಲಿ ಗುರುತಿಸಿ ಅಗ್ಗದ ಪೆನಿಸಿಲಿನನ್ನು ಕೊಡುವಷ್ಟು ವ್ಯವಸ್ಥೆಯು ಪ್ರತಿಯೊಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೂ ಇರಬೇಡವೆ?

ಆದುದರಿಂದ ನಮ್ಮ ಸೂಚನೆಯಿಷ್ಟೆ. ಮಗುವಿನ ನಡತೆಯು ಒಂದೆರಡು ದಿನಗಳಲ್ಲಿ ಬುಡಮೇಲಾದರೆ ತಂದೆತಾಯಿಗಳು ಮಂತ್ರವಾದಿಯ ಮನೆಗೆ ಹೋಗದೆ ವೈದ್ಯರಲ್ಲಿಗೆ ಹೋಗಲಿ. ಇತ್ತೀಚೆಗೆ ಜ್ವರವೋ ಗಂಟಲುನೋವೋ ಬಂದಿದ್ದರೆ ಮರೆಯದೆ ತಿಳಿಸಲಿ. ವೈದ್ಯರು ಈ ರೋಗವನ್ನು ಎಲ್ಲೆಲ್ಲಿಯೂ ಕಾಣುವ ಉತ್ಸಾಹಕ್ಕೂ, ಎಲ್ಲಿಯೂ ಇಲ್ಲವೆನ್ನುವ ಔದಾಸೀನ್ಯಕ್ಕೂ ಒಳಗಾಗದಿರಲಿ. ಗೀಳುರೋಗಕ್ಕೆ ಎಂದಿನಂತೆ ಕೊಡುವ ಮಾನಸಿಕ ಚಿಕಿತ್ಸೆಯನ್ನು ಸ್ಟೀರಾಯ್ಡಿನ ಭರವಸೆಯಿಂದ ಕೈಬಿಡದಿರಲಿ. ಸ್ಟೀರಾಯ್ಡು ಎಷ್ಟು ದಿನ, ಯಾರಿಗೆ, ಎಷ್ಟು ಪ್ರಮಾಣದಲ್ಲಿ ಹಿತವೆಂಬುದನ್ನು ನಿಷ್ಪಕ್ಷಪಾತವಾದ ದೊಡ್ಡ ಪರೀಕ್ಷೆಗಳಿಂದ ತೀರ್ಮಾನಿಸುವ ಕಾರ್ಯಕ್ಕೆ ನಮ್ಮ ಸಂಶೋಧನ ಸಂಸ್ಥೆಗಳೂ ಕೈ ಹಾಕಲಿ. ಆರು ವಾರಗಳ ನೆಮ್ಮದಿಯು ನರಳುವ ಮನೆಗೆ ಸಣ್ಣ ವರವೇನಲ್ಲ. ಆದರೆ ಆ ಆರು ವಾರಗಳನ್ನು ರೋಗದ ಅಂತ್ಯವೆಂದು ತಿಳಿಯದೆ, ಮುಂದಿನ ರಕ್ಷಣೆಗೆ ದೊರೆತ ಅವಕಾಶವೆಂದು ಬಳಸಿಕೊಂಡವರಿಗೆ ಮಾತ್ರ ಅದು ಸಾರ್ಥಕವಾಗುವುದು.