ಕಳ್ಳ-ಕಪಟಿಗಳ ಕಥೆ ಓದಿ ಕೆಟ್ಟವರು ಯಾರು ಸ್ವಾಮಿ?

ಮಗ ಪಾಠದ ಪುಸ್ತಕ ಮುಟ್ಟೋದಿಲ್ಲ, ಕಳ್ಳರ ಕಥೆ ಕೆಳಗಿಡೋದಿಲ್ಲ ಎಂಬ ದೂರು ಯಾವ ಊರಿಗೂ ಹೊಸದಲ್ಲ. ಇಂಥದ್ದು ಓದಿದರೆ ಹುಡುಗರು ಕೆಡ್ತಾರೆ ಎನ್ನುವವರು ಒಂದು ಕಡೆ. ಏನಾದರೂ ಓದಲಿ ಬಿಡ್ರೀ ಎನ್ನುವವರು ಇನ್ನೊಂದು ಕಡೆ. ಇದೇ ಜಗಳ ನೂರು ವರ್ಷಕ್ಕೂ ಹಿಂದೆ ಉತ್ತರದ ಕಾಶಿ ಪಟ್ಟಣದಲ್ಲಿ ಜೋರಾಗಿ ನಡೆದಿತ್ತು. ಅದು ಎಲ್ಲಿಗೆ ಮುಟ್ಟಿತು ಎಂಬುದನ್ನು ನಾವೂ ತಿಳಿದಿರುವುದು ಒಳ್ಳೇದು.

ಜಗಳಕ್ಕೆ ಕಾರಣವಾದ ಪುಸ್ತಕ 'ಚಂದ್ರಕಾಂತಾ'. 1880ರ ದಶಕದ ಕೊನೆಯ ಹೊತ್ತಿಗೆ ಹೊರಬಿದ್ದ ಹಿಂದಿ ಕಾದಂಬರಿ. ಬರೆದವರು ದೇವಕೀನಂದನ ಖತ್ರಿ. 1861ರಲ್ಲಿ ಬಿಹಾರದಲ್ಲಿ ಹುಟ್ಟಿ, ಕಾಶಿಯಲ್ಲಿ ನೆಲೆಸಿದವರು. ವೃತ್ತಿಯಿಂದ ಪಂಡಿತರಲ್ಲ, ಕಾಡಿನ ಗುತ್ತಿಗೆದಾರರು! ಚಕಿಯಾ, ನೌಗಢದ ಕಾಡು ಸುತ್ತುವಾಗ ಕಂಡ ಪಾಳುಕೋಟೆಗಳನ್ನೇ ಕಥೆಗೆ ಬಂಡವಾಳ ಮಾಡಿಕೊಂಡರು.

ಕಥೆಯೇನೋ ಸರಳ. ನೌಗಢದ ರಾಜಕುಮಾರ ವೀರೇಂದ್ರಸಿಂಹನಿಗೆ ವಿಜಯಗಢದ ರಾಜಕುಮಾರಿ ಚಂದ್ರಕಾಂತೆಯ ಮೇಲೆ ಪ್ರೀತಿ. ಮಂತ್ರಿಯ ಮಗ ಕ್ರೂರಸಿಂಹ ಅಡ್ಡಗಾಲು. ಹೆಸರಿನಲ್ಲೇ ಗುಣ ಇದೆ ನೋಡಿ! ಆದರೆ ಜನ ಮರುಳಾದದ್ದು ಈ ಪ್ರೇಮಿಗಳಿಗಲ್ಲ, 'ಐಯಾರ'ರಿಗೆ.

ಐಯಾರ ಅಂದರೆ ಯಾರು? ಅರ್ಧ ಗೂಢಚಾರ, ಅರ್ಧ ವಂಚಕ. ಹೆಗಲಲ್ಲಿ ಒಂದು ಚೀಲ, ಸೊಂಟದಲ್ಲಿ ಗೋಡೆ ಹತ್ತುವ ಹಗ್ಗ. ಮೂಗಿಗೆ ಪುಡಿ ಹಿಡಿದು ಮೂರ್ಛೆ ಕೆಡವುತ್ತಾನೆ, ಮೂಟೆ ಕಟ್ಟಿ ಹೊತ್ತೊಯ್ಯುತ್ತಾನೆ, ಅವನದೇ ವೇಷ ಹಾಕಿಕೊಂಡು ಅವನ ಮನೆಯಲ್ಲೇ ಬಂದು ಕೂರುತ್ತಾನೆ. ಹೆಂಗಸರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಚಂದ್ರಕಾಂತೆಯ ಗೆಳತಿ ಚಪಲಾ ಯಾವ ಗಂಡಸು ಐಯಾರನಿಗೂ ಕಡಿಮೆಯಿಲ್ಲ. ಇದರ ಮೇಲೆ 'ತಿಲಿಸ್ಮ್' ಬೇರೆ: ನಿಧಿಯನ್ನು ಕಾಯುವ ಮಾಯದ ಕಟ್ಟಡ, ಒಳಗೆ ಹೊಕ್ಕವನು ಗುಟ್ಟು ತಿಳಿಯದೆ ಹೊರಬರುವಂತಿಲ್ಲ.

ಅರ್ಜಿ ಒಂದು ಕಡೆ, ಕಥೆ ಒಂದು ಕಡೆ

ಆಗಿನ ಪರಿಸ್ಥಿತಿ ಗೊತ್ತಿದ್ದರೆ ಈ ಪುಸ್ತಕದ ತೂಕ ಗೊತ್ತಾಗುತ್ತದೆ. ಆ ಸೀಮೆಯ ಕೋರ್ಟು ಕಚೇರಿಯ ಬರವಣಿಗೆ ಉರ್ದು ಲಿಪಿಯಲ್ಲಿತ್ತು. ಸಂಬಳದ ಕೆಲಸ ಬೇಕಾದವನು ಅದನ್ನೇ ಕಲಿಯುತ್ತಿದ್ದ. ನಾಗರಿ ಲಿಪಿಗೂ ಜಾಗ ಕೊಡಿ ಎಂದು 1893ರಲ್ಲಿ ಕಾಶಿಯಲ್ಲಿ ನಾಗರೀ ಪ್ರಚಾರಿಣೀ ಸಭೆ ಹುಟ್ಟಿತು. ದೊಡ್ಡವರು ಅರ್ಜಿ ಬರೆದರು, ನಿಯೋಗ ಹೋದರು. 1900ರಲ್ಲಿ ಸರ್ಕಾರ ಒಪ್ಪಿತು. ಸರಿ, ಕಚೇರಿ ಬಾಗಿಲು ತೆರೆಯಿತು. ಆದರೆ ಹಗಲೆಲ್ಲ ದುಡಿದು ಬಂದವನು ರಾತ್ರಿ ದೀಪ ಹಚ್ಚಿಕೊಂಡು ಹೊಸ ಅಕ್ಷರ ಯಾಕೆ ಕಲಿಯಬೇಕು ಹೇಳಿ?

ಅದಕ್ಕೆ ಕಾರಣ ಒದಗಿಸಿದ್ದು ಈ ವಂಚಕರ ಕಥೆ. 'ಚಂದ್ರಕಾಂತಾ' ಓದಬೇಕು ಎಂಬ ಒಂದೇ ಆಸೆಗೆ ಉರ್ದು ಮಾತ್ರ ಬಲ್ಲ ಎಷ್ಟೋ ಮಂದಿ ನಾಗರಿ ಅಕ್ಷರ ತಿದ್ದಿದರು. ಖತ್ರಿಯವರೂ ಜಾಣರು. ಸಂಸ್ಕೃತದ ಭಾರ ಹೇರಲಿಲ್ಲ, ಬೀದಿಯಲ್ಲಿ ಆಡುವ ಮಾತನ್ನೇ ಬರೆದರು. ಮುಂದೆ ಸ್ವಂತ ಲಹರಿ ಪ್ರೆಸ್ ಹಾಕಿದರು, 24 ಭಾಗದ 'ಚಂದ್ರಕಾಂತಾ ಸಂತತಿ' ತಂದರು.

ಪಂಡಿತರು ಮೂಗು ಮುರಿಯಲಿಲ್ಲವೇ? ಮುರಿದರು. ಹಿಂದಿ ಸಾಹಿತ್ಯದ ಚರಿತ್ರೆ ಬರೆದ ಆಚಾರ್ಯ ರಾಮಚಂದ್ರ ಶುಕ್ಲರು, ಇದರಲ್ಲಿ ಬರೀ ಘಟನೆಗಳ ಚಮತ್ಕಾರ, ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸುವಂಥದ್ದಲ್ಲ ಎಂದರು. ಆದರೆ ಅದೇ ಶುಕ್ಲರು ಇನ್ನೊಂದು ಮಾತನ್ನೂ ಒಪ್ಪಿಕೊಂಡರು: ಇಷ್ಟು ಓದುಗರನ್ನು ಹುಟ್ಟಿಸಿದ ಲೇಖಕ ಇನ್ನೊಬ್ಬನಿಲ್ಲ, ಇದನ್ನು ಓದಿ ಕೈ ಪಳಗಿದವರು ಮುಂದೆ ಬೇರೆ ಒಳ್ಳೆಯ ಪುಸ್ತಕಕ್ಕೂ ಹೋದರು, ಕೆಲವರು ಬರೆಯಲೂ ತೊಡಗಿದರು. ಎದುರು ಪಕ್ಷದ ವಕೀಲರೇ ಕೊಟ್ಟ ಸಾಕ್ಷಿ ಇದು!

ಅಂಗಡಿಯವರು ಕೇಳಬೇಕಾದ ಇನ್ನೊಂದು ಸಂಗತಿ ಇದೆ. ಇದೇ ಜಾತಿಯ ಉರ್ದು ಕಥೆ 'ತಿಲಿಸ್ಮೆ ಹೋಶ್‌ರುಬಾ'. ಗೋರಖಪುರದ ಬಡ ಹುಡುಗನೊಬ್ಬನಿಗೆ ಅದರ ಹುಚ್ಚು. ಕೊಳ್ಳಲು ಕಾಸಿಲ್ಲ. ಪುಸ್ತಕದಂಗಡಿಯವನು ಒಂದು ದಾರಿ ಹೇಳಿದ: ನಿಮ್ಮ ಶಾಲೆಯಲ್ಲಿ ನನ್ನ ಗೈಡು ಮಾರಿಕೊಡು, ಬದಲಿಗೆ ಕಾದಂಬರಿ ಓದಿಕೋ. ಆ ಹುಡುಗನೇ ಮುಂದೆ ಪ್ರೇಮಚಂದ್. ರೈತನ ಸಾಲ, ಬಡವನ ಹಸಿವು ಬರೆದು ದೇಶಕ್ಕೆ ದೊಡ್ಡವರಾದರು. ವಂಚಕರ ಕಥೆ ಓದಿ ಹುಡುಗ ಕೆಟ್ಟನೇ?

ಓದುಗರ ಮನಸ್ಸು ವಿಚಿತ್ರ. 'ಸಂತತಿ'ಯಲ್ಲಿ ಭೂತನಾಥ ಎಂಬ ಐಯಾರ ಬರುತ್ತಾನೆ. ಹಿಂದೆ ಮಾಡಿದ ತಪ್ಪನ್ನು ಮುಚ್ಚಿಟ್ಟುಕೊಂಡು, ಯಾವಾಗ ಬಯಲಾಗುತ್ತದೋ ಎಂದು ಹೆದರಿ ಬದುಕುವವನು. ರಾಜಕುಮಾರರನ್ನು ಬಿಟ್ಟು ಇವನ ಪೂರ್ವಕಥೆಗೇ ಬೇರೆ ಕಾದಂಬರಿ ಬರೆಯಬೇಕಾಯಿತು. 1913ರಲ್ಲಿ ಖತ್ರಿ ತೀರಿಕೊಂಡಾಗ ಅದು ಅರ್ಧದಲ್ಲಿತ್ತು. ಮಗ ದುರ್ಗಾಪ್ರಸಾದ ಖತ್ರಿ ಮುಗಿಸಿದರು. ಜನ ಕಳ್ಳತನವನ್ನು ಮೆಚ್ಚಲಿಲ್ಲ, ಕಳ್ಳನ ಎದೆ ಡವಗುಟ್ಟುವುದನ್ನು ಕೇಳಿಸಿಕೊಂಡರು.

ನಮ್ಮಲ್ಲೂ ಪುಸ್ತಕ ಓದದವರು ಈ ಕಥೆಯನ್ನು ಕಂಡಿದ್ದಾರೆ. 1994ರಿಂದ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬಂತಲ್ಲ, ಅದೇ 'ಚಂದ್ರಕಾಂತಾ'. ಹುಬ್ಬು ಮೇಲೇರಿಸಿ "ಯಕ್ಕೂ" ಎನ್ನುವ ಕ್ರೂರಸಿಂಹ ನೆನಪಿರಬಹುದು. ಐಯಾರ ಬದ್ರೀನಾಥನ ಪಾತ್ರ ಮಾಡಿದವರು ಇರ್ಫಾನ್ ಖಾನ್. ಇನ್ನು ಕನ್ನಡದ ಮಾತೆತ್ತಿದರೆ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಬಿದ್ದು ಓದು ಹತ್ತಿಸಿಕೊಂಡ ಮಂದಿ ಎಷ್ಟಿಲ್ಲ! ಅವರನ್ನೂ ಪಂಡಿತರು ಹತ್ತಿರ ಕರೆಯಲಿಲ್ಲ.

ಇವತ್ತಿನ ಐಯಾರರು ಬೇರೆ ಬಿಡಿ. ಪೊಲೀಸ್ ಅಧಿಕಾರಿಯ ವೇಷದಲ್ಲಿ ಫೋನಿಗೆ ಬರುತ್ತಾರೆ. ಗಲ್ಲಾಪೆಟ್ಟಿಗೆ ಎದುರಿನ ಕ್ಯೂಆರ್ ಕೋಡ್ ಮೇಲೆ ರಾತ್ರೋರಾತ್ರಿ ತಮ್ಮದನ್ನು ಅಂಟಿಸಿ ಹೋಗುತ್ತಾರೆ. ಉಪಾಯ ಮಾತ್ರ ಹಳೇದೇ: ನೀವು ನಂಬುವ ಮುಖವನ್ನೇ ಹಾಕಿಕೊಂಡು ಬರುವುದು. ಐಯಾರರ ಕಥೆ ಓದಿದವನು ಬಾಗಿಲು ತೆರೆಯುವ ಮೊದಲು ಒಂದು ಗಳಿಗೆ ನಿಂತು, ಬಂದವನು ನಿಜವಾಗಿ ಯಾರು ಅಂತ ಯೋಚಿಸುತ್ತಾನೆ.

ಆದ್ದರಿಂದ ಮಗನ ಕೈಯ ಪುಸ್ತಕ ಕಿತ್ತುಕೊಳ್ಳಬೇಡಿ. ಅವನು ಮುಗಿಸಿದ ಮೇಲೆ ನೀವೂ ಒಮ್ಮೆ ಓದಿ. ಗಲ್ಲಾಪೆಟ್ಟಿಗೆಗೆ ಲಾಭವೇ ಹೊರತು ನಷ್ಟವಿಲ್ಲ.